ಯಾರ ಕಣ್ಣೂ ಮುಚ್ಚದ ಸ್ಟುಡಿಯೋ

ಬೀದಿಯ ಮಕ್ಕಳು ಅವನಿಗೆ ಇಟ್ಟಿದ್ದ ಹೆಸರು ‘ಅಲ್ಲಾಡಬೇಡಿ ಮಾಮ’. ಪಾಸ್‌ಪೋರ್ಟ್ ಫೋಟೋಗೆಂದು ಬಂದು ಸ್ಟೂಲಿನ ಮೇಲೆ ಕೂತ ಮುದುಕರಿಗೂ ಅದೇ ಮಾತು, ಮದುವೆಯ ಗುಂಪಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ನೆಂಟರಿಗೂ ಅದೇ ಮಾತು, ತಾಯಿಯ ತೊಡೆಯ ಮೇಲೆ ಕೈಕಾಲು ಬಡಿಯುವ ಹಸುಗೂಸಿಗೂ ಅದೇ ಮಾತು: “ಅಲ್ಲಾಡಬೇಡಿ.” ಹಸುಗೂಸಿಗೆ ಯಾಕಪ್ಪ ಇಷ್ಟು ಮರ್ಯಾದೆ ಎಂದು ಯಾರಾದರೂ ಕೇಳಿದರೆ, “ಗಿರಾಕಿ ಅಂದಮೇಲೆ ಗಿರಾಕಿನೇ. ನಾಳೆ ದೊಡ್ಡವನಾಗಿ ನಮ್ಮ ಹತ್ರಾನೇ ಮದುವೆ ಫೋಟೋ ತೆಗೆಸ್ಬೇಕಲ್ಲ,” ಎನ್ನುತ್ತಿದ್ದ. ಊರವರ ಮದುವೆ ಫೋಟೋಗಳನ್ನು ತೆಗೆದು ತೆಗೆದು ಅವನು ಮಾತ್ರ ಮದುವೆಯಾಗಲಿಲ್ಲ. ಮಿಠಾಯಿ ಮಾಡುವವನಿಗೆ ಸಿಹಿ ಸೇರುವುದಿಲ್ಲ ಎಂದು ನಗುತ್ತಿದ್ದ. ನಿಜ ಏನೆಂದರೆ ಅಪ್ಪ ಬೇಗ ಹೋದ, ತಂಗಿ ಚಿಕ್ಕವಳು, ಅಮ್ಮನಿಗೆ ಮಂಡಿನೋವು. ಹೀಗೆ ಒಂದರ ಹಿಂದೆ ಒಂದು ಬಂದು ವಯಸ್ಸು ಜಾರಿಹೋಗಿತ್ತು.

ಸ್ಟುಡಿಯೋ ಎಂದರೆ ಔಷಧಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಮುಂದೆ ಗಾಜಿನ ಮೇಜು, ಅದರ ಕೆಳಗೆ ಮಾದರಿಗೆಂದು ಇಟ್ಟ ಹಳೆಯ ನಗುಮುಖಗಳು. ಪರದೆಯ ಹಿಂದೆ ಒಂದು ದೊಡ್ಡ ಬಿಳಿ ಕೊಡೆ, ಕೊಡೆಯೊಳಗೆ ದೀಪ, ಗೋಡೆಗೆ ನೀಲಿ ಬಟ್ಟೆ, ಒಂದು ಕಾಲು ಗಿಡ್ಡಾದ ಸ್ಟೂಲು. ಗಿಡ್ಡ ಕಾಲಿನ ಕೆಳಗೆ ಮಡಚಿದ ರಟ್ಟು. ಬಾಚಣಿಗೆಯೊಂದನ್ನು ಕನ್ನಡಿಗೆ ದಾರದಲ್ಲಿ ಕಟ್ಟಿಹಾಕಿದ್ದ, ಯಾಕೆಂದರೆ ಎಂಥ ಸಂಭಾವಿತರೂ ಬಾಚಣಿಗೆಯ ವಿಷಯದಲ್ಲಿ ಕಳ್ಳರೇ. ಒಳಗಿನ ಬಾಗಿಲು ತೆರೆದರೆ ಮನೆ: ಅಡುಗೆಮನೆ, ಒಂದು ಮಲಗುವ ಕೋಣೆ, ಅಮ್ಮನ ಮಂಚ.

ಬಾಗಿಲ ಮೇಲೆ ಅಪ್ಪನ ಕಾಲದ ಬೋರ್ಡು. ‘ಇಲ್ಲಿ ಯಾರ ಕಣ್ಣೂ ಮುಚ್ಚಿರುವುದಿಲ್ಲ’ ಎಂದು ಅದರಲ್ಲಿ ಬರೆದಿತ್ತು. ಅಪ್ಪನದು ರೀಲಿನ ಕಾಲ. ಗುಂಪಿನ ಫೋಟೋ ಎಂದರೆ ಒಂದೇ ಸಲ ಕ್ಲಿಕ್ಕು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೊಳೆದು ನೋಡಿದಾಗ ಮದುಮಗಳೇ ಕಣ್ಣು ಮುಚ್ಚಿರುತ್ತಿದ್ದಳು. ಆಗ ಅಪ್ಪ ಕೂದಲೆಳೆಯಂಥ ಕುಂಚ ತೆಗೆದು, ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು, ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದ. ಅಪ್ಪನಿಗೆ ಬರುತ್ತಿದ್ದುದು ಒಂದೇ ಥರದ ಕಣ್ಣು, ಅದು ಅವನದೇ ಕಣ್ಣು. ಹೀಗಾಗಿ ಊರಿನ ಎಷ್ಟೋ ಗೋಡೆಗಳ ಮೇಲೆ ಎಷ್ಟೋ ಮದುಮಕ್ಕಳು ಫೋಟೋಗ್ರಾಫರನ ಕಣ್ಣಿನಿಂದಲೇ ಲೋಕವನ್ನು ನೋಡುತ್ತಿದ್ದರು. ಯಾರೂ ಆಕ್ಷೇಪ ತೆಗೆದವರಿಲ್ಲ. ಮುಚ್ಚಿದ ಕಣ್ಣಿಗಿಂತ ಸಾಲದ ಕಣ್ಣು ವಾಸಿ ಎಂದು ಜನರಿಗೂ ಅನ್ನಿಸಿರಬೇಕು.

ಇಂಥ ಮನೆಯಲ್ಲಿ ಹುಟ್ಟಿದ ತಂಗಿಗೆ ಫೋಟೋದಲ್ಲಿ ಕಣ್ಣು ಮುಚ್ಚುವ ರೋಗ. ಮನೆಯಲ್ಲಿ ಅವಳ ಹೆಸರು ಪುಟ್ಟಿ. ಫ್ಲಾಶ್ ಮಿಂಚುವ ಗಳಿಗೆಯಲ್ಲೇ ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಮಾತಾಡುವಾಗಲೂ ಪಟಪಟನೆ ರೆಪ್ಪೆ ಬಡಿಯುವುದು ಅವಳ ಅಭ್ಯಾಸ. ಕಾರ್ಖಾನೆಯ ಗುರುತಿನ ಚೀಟಿಗೆ ಅವಳ ಫೋಟೋ ತೆಗೆಯಲು ಅಣ್ಣ ಅರ್ಧ ಬೆಳಗ್ಗೆ ಹೆಣಗಿದ್ದ. ಕೊನೆಗೆ, “ನಿನ್ನ ಸೂಪರ್‌ವೈಸರ್ ಕೆಲಸ ಬೇರೆಯವರಿಗೆ ಹೋಯ್ತಂತೆ,” ಎಂದು ಸುಳ್ಳು ಹೇಳಿದಾಗ ಅವಳು ಹುಬ್ಬು ಮೇಲೆತ್ತಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು, ಇವನು ಒತ್ತಿದ. ಅವಳು ಕಣ್ಣು ಬಿಟ್ಟ ಫೋಟೋ ಎಂದು ಪ್ರಪಂಚದಲ್ಲಿ ಇದ್ದುದು ಅದೊಂದೇ.

ಪುಟ್ಟಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಒಂದು ಸಾಲಿನ ಮೇಲ್ವಿಚಾರಕಿ. ಅವಳ ಸಾಲಿನಲ್ಲಿ ಕಾಲರ್ ಹಚ್ಚುವವರು, ತೋಳು ಕೂಡಿಸುವವರು, ಗುಂಡಿ ಹಾಕುವವರು. ಅವರೆಲ್ಲ ಅವಳನ್ನು ‘ಲೈನಕ್ಕ’ ಎನ್ನುತ್ತಿದ್ದರು. ಬಾಯಿ ಜೋರು, ಆದರೆ ಯಾರಿಗಾದರೂ ತಲೆ ಸುತ್ತಿದರೆ ತಾನೇ ಮಿಷನ್ನಿನ ಮುಂದೆ ಕೂತು ಅವರ ಲೆಕ್ಕದ ತೋಳುಗಳನ್ನು ಹೊಲಿದುಕೊಡುತ್ತಿದ್ದಳು. ಮನೆಗೆ ಬಂದರೆ ಕಾರ್ಖಾನೆಯನ್ನು ಬಯ್ಯುವುದೇ ಅವಳ ವಿಶ್ರಾಂತಿ. “ಹಿಂದಿನ ಬಾಗಿಲಿಗೆ ಬೀಗ ಜಡೀತಾರೆ ಅಣ್ಣ. ನಾವು ಬಟ್ಟೆ ಕದ್ದುಕೊಂಡು ಹೋಗ್ತೀವಂತೆ. ಬೆಂಕಿ ಬಿದ್ರೆ ಎಲ್ಲಿಂದ ಓಡೋದು ಅಂತ ಕೇಳ್ದೆ. ಬಾಗಿಲ ಮೇಲೆ ಓಡೋ ಮನುಷ್ಯನ ಹಸಿರು ಚಿತ್ರ ಇದೆಯಲ್ಲ, ಸಾಕು ಅಂತಾರೆ.” ಇವನು ಹೂಂಗುಟ್ಟುತ್ತ ಯಾರದೋ ಮುಖದ ಮೊಡವೆ ಅಳಿಸುತ್ತಿದ್ದ.

ಆ ಮೊಡವೆ ಅಳಿಸುವ ಕೆಲಸ ತಪ್ಪಿಸಿದವಳೂ ಅವಳೇ. ಎಲ್ಲ ಸ್ಟುಡಿಯೋಗಳಿಗೂ ಹೊಸ ಪ್ರೋಗ್ರಾಂ ಬಂದಿತ್ತು. ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಅದರೊಳಗಿನ ಕೃತಕ ಬುದ್ಧಿ ತಾನೇ ಬೆಳಕು ಸರಿಮಾಡಿ, ಚರ್ಮ ನುಣುಪು ಮಾಡಿ, ಮುಚ್ಚಿದ ಕಣ್ಣಿದ್ದರೆ ಅದೇ ಮನುಷ್ಯನ ಹಳೆಯ ಫೋಟೋಗಳನ್ನು ಹುಡುಕಿ ಕಣ್ಣು ತೆರೆಸಿ ಇಡುತ್ತಿತ್ತು. ರಜೆಯ ದಿನ ಪುಟ್ಟಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪ್ರಶ್ನೆಗೆ ‘ಹೌದು’ ಒತ್ತುತ್ತ ಹೋದಳು. ಎಲ್ಲ ತಾನಾಗಿ ಆಗಲಿ, ಹೌದು. ಸರಿಮಾಡಿದ ಮೇಲೆ ಮೂಲ ಫೋಟೋ ಅಳಿಸಲಿ, ಹೌದು.

“ಮೂಲ ಇರಲಿ ಬಿಡೇ,” ಎಂದ ಅಣ್ಣ.

“ಮೂಲ ಇಟ್ಕೊಂಡು ಮ್ಯೂಸಿಯಂ ಮಾಡ್ತೀಯಾ? ಜಾಗ ಸಾಲಲ್ಲ ಸಾಲಲ್ಲ ಅಂತ ನೀನೇ ಗೊಣಗ್ತೀಯ. ಕಣ್ಣು ಮುಚ್ಚಿರೋ ಫೋಟೋ ಯಾವ ಗಿರಾಕಿ ಕೇಳ್ತಾನೆ?” ಎಂದು ಅವಳು ಅದಕ್ಕೂ ಹೌದು ಒತ್ತಿದಳು. ಪರೀಕ್ಷೆಗೆಂದು ತನ್ನ ಹಳೆಯ ಫೋಟೋಗಳನ್ನೆಲ್ಲ ಅದಕ್ಕೆ ತಿನ್ನಿಸಿದಳು. ಬಾಲ್ಯದಿಂದ ಮುಚ್ಚಿದ್ದ ಕಣ್ಣುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಅಮ್ಮನನ್ನು ಕರೆದು ತೋರಿಸಿ, “ನೋಡಮ್ಮ, ಅಪ್ಪನ ಕುಂಚಕ್ಕಿಂತ ಇದೇ ವಾಸಿ, ನನ್ನ ಕಣ್ಣನ್ನೇ ನನಗೆ ಹಚ್ಚಿದೆ,” ಎಂದು ಕುಣಿದಾಡಿದಳು. ಅಮ್ಮನಿಗೂ ಖುಷಿಯಾಯಿತು. ಅವರಲ್ಲಿ ಯಾರೂ ಕೆಟ್ಟ ಕೆಲಸ ಮಾಡುತ್ತಿರಲಿಲ್ಲ, ಅದನ್ನು ಇಲ್ಲಿ ಹೇಳಿಬಿಡಬೇಕು.

ಬೆಂಕಿ ಬಿದ್ದದ್ದು ಹಾಡುಹಗಲಿನಲ್ಲಿ. ಸ್ಟೂಲಿನ ಮೇಲೆ ಒಬ್ಬ ಮೇಷ್ಟ್ರು ಕೂತಿದ್ದರು, ಇವನು ಅಲ್ಲಾಡಬೇಡಿ ಎಂದಿದ್ದ. ಹೊರಗೆ ಸೈಕಲ್ ರಿಪೇರಿಯವನು, “ಕಾರ್ಖಾನೆ ಕಡೆ ಹೊಗೆ,” ಎಂದು ಕೂಗಿದ. ಮೇಷ್ಟ್ರನ್ನು ಕೂತಲ್ಲೇ ಬಿಟ್ಟು, ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿದ್ದ ಹಾಗೇ ಓಡಿದ. ಮುಂದಿನ ಗೇಟಿನ ಬಳಿ ಜನಜಂಗುಳಿ, ಅಗ್ನಿಶಾಮಕದವರ ಗಾಡಿಗೆ ದಾರಿಯಿಲ್ಲ. ತಂಗಿಯ ಬಯ್ಗುಳ ಕೇಳಿ ಕೇಳಿ ಅವನಿಗೆ ಹಿಂದಿನ ಬಾಗಿಲು ಗೊತ್ತಿತ್ತು. ಗೋಡೆಗೆ ಅಂಟಿಕೊಂಡ ಓಣಿ, ಕಸದ ರಾಶಿ, ಆಮೇಲೆ ಆ ಬಾಗಿಲು: ಎಳೆದು ಮಡಚುವ ಕಬ್ಬಿಣದ ಸರಳುಗಳ ಬಾಗಿಲು, ಹೊರಗಿನಿಂದ ಸರಪಳಿ, ಸರಪಳಿಗೆ ಬೀಗ.

ಸರಳುಗಳ ಸಂದಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಒಳಗೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಯಾರ ಸದ್ದೂ ಇರಲಿಲ್ಲ. ಅವನು ಬೀಗ ಹಿಡಿದು ಜಗ್ಗಿದ, ಅಂಗೈ ಸುಟ್ಟಿತು. ಕಲ್ಲು ತಂದು ಕುಟ್ಟಿದ, ಕಲ್ಲು ಒಡೆಯಿತು. ಕಣ್ಣಲ್ಲಿ ನೀರು, ಹೊಗೆ. ಮುಖಗಳು ಯಾರವೆಂದು ತಿಳಿಯಲಿಲ್ಲ. ಪುಟ್ಟಿ, ಪುಟ್ಟಿ ಎಂದು ಕೂಗಿದ. ಆಮೇಲೆ ಅವನ ಕೈ ತಾನಾಗಿ ಕ್ಯಾಮೆರಾ ಎತ್ತಿತು. ತನಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ ಎಂಬುದು ಅವನ ಕಸುಬಿನ ನಂಬಿಕೆ. ಫ್ಲಾಶ್ ಮಿಂಚಿತು. ಅಷ್ಟರಲ್ಲಿ ಕಾರ್ಖಾನೆಯ ಕಾವಲುಗಾರರು ಬಂದು, “ಇಲ್ಲೇನ್ ಮಾಡ್ತಿದೀಯಾ,” ಎಂದು ಅವನನ್ನು ಓಣಿಯ ಬಾಯಿಯವರೆಗೂ ಎಳೆದು ಹಾಕಿದರು. ಅಗ್ನಿಶಾಮಕದವರು ಸುತ್ತಿ ಬಳಸಿ ಹಿಂದಕ್ಕೆ ಬರುವ ಹೊತ್ತಿಗೆ ಬಾಗಿಲು ತೆರೆದಿತ್ತು. ಸರಪಳಿಯೂ ಇರಲಿಲ್ಲ, ಬೀಗವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ತಂಗಿಯನ್ನು ಗುರುತಿಸಿದ. ಮುಖ ಒರೆಸಿ ಮಲಗಿಸಿದ್ದರು. ಬಟ್ಟೆ ಸರಿಸಿದ ನರ್ಸು, ಎಲ್ಲರ ಕಣ್ಣನ್ನೂ ನಾವೇ ಮುಚ್ಚಿದ್ವಿ ಎಂದಳು. ಅದನ್ನೇನೂ ಅವನು ಆಗ ತಲೆಗೆ ಹಾಕಿಕೊಳ್ಳಲಿಲ್ಲ.

ಮಣ್ಣು ಮುಗಿಸಿ ಮನೆಗೆ ಬಂದಮೇಲೆ ಅವನು ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ಫೋಟೋ ಬಂತು. ಬೀಗ ಎದ್ದು ಕಾಣುತ್ತಿತ್ತು. ಸರಪಳಿ, ಸರಳುಗಳು, ಒಳಗೆ ಹಸಿರು ಚಿತ್ರದ ಓಡುವ ಮನುಷ್ಯ, ಹೆಂಗಸರ ಬೆನ್ನುಗಳು. ಎಲ್ಲರಿಗಿಂತ ಮುಂದೆ, ಸರಳಿಗೆ ಕೆನ್ನೆ ಒತ್ತಿಕೊಂಡು ಪುಟ್ಟಿ. ಅವಳ ಕಣ್ಣು ತೆರೆದಿತ್ತು. ನೇರವಾಗಿ ಅವನನ್ನೇ ನೋಡುತ್ತಿದ್ದಳು.

ಅವಳು ಬದುಕಿದ್ದಳು. ತಂಗಿ ಜೀವಂತ ಎದುರಿಗಿದ್ದಾಗ ತಾನು ಇನ್ನೊಂದು ಕಲ್ಲು ಎತ್ತುವ ಬದಲು ಕ್ಯಾಮೆರಾ ಎತ್ತಿದ್ದ. ಈ ಮಾತು ಅವನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು. ಊಟಕ್ಕೆ ಕೂತರೆ ಅದೇ, ಹಲ್ಲುಜ್ಜಿದರೆ ಅದೇ. ಅಮ್ಮನಿಗೆ ಫೋಟೋ ತೋರಿಸುವುದು ಬೇಡವೆಂದಿದ್ದ, ಆದರೆ ಅವಳೇ ಒಳಗಿನ ಬಾಗಿಲಿಂದ ಬಂದು ನೋಡಿಬಿಟ್ಟಳು. ಎಷ್ಟೋ ಹೊತ್ತು ನೋಡಿ, “ಒಬ್ಬಳೇ ಹೋಗಲಿಲ್ಲ ಬಿಡು ನನ್ನ ಕೂಸು. ಕೊನೆಗೆ ಅಣ್ಣನ ಮುಖ ನೋಡಿಕೊಂಡೇ ಹೋದಳು,” ಎಂದಳು. ಮಗನನ್ನು ಕೊರೆಯುತ್ತಿದ್ದ ಕಣ್ಣು ತಾಯಿಗೆ ಸಮಾಧಾನವಾಗಿತ್ತು.

ಇಷ್ಟರಲ್ಲಿ ಕಂಪನಿ ಬಾಯಿಬಿಟ್ಟಿತು. ಹಿಂದಿನ ಬಾಗಿಲಿಗೆ ಬೀಗವೇ ಇರಲಿಲ್ಲವಂತೆ. ಬಾಗಿಲು ತೆರೆದೇ ಇತ್ತಂತೆ. ಸಾಲಿನ ಮೇಲ್ವಿಚಾರಕಿ ಬಾಗಿಲಿಗೆ ಅಡ್ಡ ನಿಂತು, ಚೀಲ ತಪಾಸಣೆಯಾಗದೆ ಯಾರನ್ನೂ ಬಿಡುವುದಿಲ್ಲವೆಂದು ತಡೆದಳಂತೆ. ಎಲ್ಲರನ್ನೂ ಹೊರಗೆ ದಾಟಿಸಲೆಂದು, ಬೆಂಕಿ ಕಂಡಾದರೂ ಬೀಗ ತೆಗೆದಾರೆಂದು ನಂಬಿ ಹಿಂದಿನ ಬಾಗಿಲಿಗೆ ಓಡಿಸಿಕೊಂಡು ಹೋದ ಹೆಣ್ಣಿನ ತಲೆಗೆ ಅಷ್ಟೂ ಸಾವನ್ನು ಕಟ್ಟಿದರು. ಸತ್ತವರು ಎದ್ದು ಬಂದು ಜವಾಬು ಕೊಡುವುದಿಲ್ಲವಲ್ಲ.

ಅಣ್ಣ ಫೋಟೋವನ್ನು ಸತ್ತವರ ಮನೆಯವರಿಗೆ ಕೊಟ್ಟ. ಅದು ಫೋನಿಂದ ಫೋನಿಗೆ ಹಾರಿ ಊರೆಲ್ಲ ನೋಡಿತು. ಗುಂಡಿ ಹಾಕುವ ಹೆಂಗಸೊಬ್ಬಳು, ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡವಳು, ಆಸ್ಪತ್ರೆಯ ಮಂಚದಿಂದಲೇ, “ಬೀಗ ಇತ್ತು, ದಿನಾ ಇರ್ತಿತ್ತು. ಲೈನಕ್ಕ ಬೀಗ ತೆಗೀರಿ ಅಂತ ಬಡ್ಕೋತಿದ್ಳು,” ಎಂದಳು. ಕೆಲವು ದಿನ ಕಂಪನಿಯವರು ತೆಪ್ಪಗಿದ್ದರು. ಇನ್ನೇನು, ಪುಟ್ಟಿಯ ಹೆಸರು ತೊಳೆದುಹೋಗುತ್ತದೆ ಎಂದು ಅವನು ಅಂದುಕೊಂಡ.

ಆದರೆ ಫೋನಿನಲ್ಲಿ ಅದೊಂದೇ ಫೋಟೋ ಇರಲಿಲ್ಲ. ಕರುಣೆ ಉಕ್ಕಿದವರು, ಮಾಡಲು ಬೇರೆ ಕೆಲಸವಿಲ್ಲದವರು, ಯಂತ್ರಕ್ಕೆ ಎರಡು ಸಾಲು ಹೇಳಿ ಬೆಂಕಿಯ ಚಿತ್ರಗಳನ್ನು ಮಾಡಿಸಿ ಹರಿಯಬಿಟ್ಟಿದ್ದರು. ಜ್ವಾಲೆಯ ನಡುವೆ ಕೈ ಮುಗಿದ ಚೆಂದದ ಹುಡುಗಿಯರು, ಬೀಗದ ಮೇಲೆ ಕೂತ ಬಿಳಿ ಪಾರಿವಾಳ, ಆರು ಬೆರಳಿನ ಕೈ. ಮೊದಲು ಜನ ಅತ್ತರು, ಆಮೇಲೆ ಬೆರಳು ಎಣಿಸಿ ನಕ್ಕರು, ಆಮೇಲೆ ಯಾವುದನ್ನೂ ನಂಬದಾದರು. ಅದರ ಹಿಂದೆಯೇ ಒಂದು ವಿಡಿಯೋ ಬಂತು. ಯಾರು ಕಳಿಸಿದರೋ ದೇವರಿಗೇ ಗೊತ್ತು. ತೆರೆದ ಬಾಗಿಲಿಗೆ ಪುಟ್ಟಿ ಎರಡೂ ಕೈ ಅಡ್ಡ ಹಿಡಿದು, ಪುಟ್ಟಿಯದೇ ದನಿಯಲ್ಲಿ, “ಚೀಲ ತೋರಿಸ್ದೆ ಯಾರೂ ಹೊರಗೆ ಹೋಗೋ ಹಾಗಿಲ್ಲ,” ಎನ್ನುತ್ತಿದ್ದಳು. ಅವನು ಅದನ್ನು ಮತ್ತೆ ಮತ್ತೆ ನೋಡಿದ. ವಿಡಿಯೋದ ಪುಟ್ಟಿ ಮೊದಲಿಂದ ಕೊನೆಯವರೆಗೆ ಒಮ್ಮೆಯೂ ರೆಪ್ಪೆ ಬಡಿಯಲಿಲ್ಲ. ಸೈಕಲ್ ರಿಪೇರಿಯವನಿಗೆ ಅದನ್ನು ತೋರಿಸಿ ಹೇಳಿದ. ಅವನು ಪಂಪು ಕೆಳಗಿಟ್ಟು, “ಇರಬಹುದಪ್ಪ. ಆದ್ರೆ ಯಾವುದು ನಿಜ ಯಾವುದು ಸುಳ್ಳು ಅಂತ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು ಹೇಳು,” ಎಂದ. ಬಹಳ ವರ್ಷದ ಪಕ್ಕದ ಅಂಗಡಿಯವನು, ಪುಟ್ಟಿಗೆ ಸೈಕಲ್ ಕಲಿಸಿದವನು. ಕಾಲರ್ ಹಚ್ಚುತ್ತಿದ್ದ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಇವರ ಬಾಗಿಲ ಮುಂದೆ ನಿಂತು, ಒಳಗೆ ಅಮ್ಮನಿಗೆ ಕೇಳುವ ಹಾಗೆ, “ನಿನ್ನ ಮಗಳು ನನ್ನ ಮಗೂನ ಹೊರಗೆ ಬಿಡಲಿಲ್ಲ,” ಎಂದು ಹೇಳಿ ಹೋದಳು.

ಕಂಪನಿಯವರು ಆಗ ಎರಡನೇ ಸಲ ಬಾಯಿಬಿಟ್ಟರು. ಬೀಗದ ಫೋಟೋವನ್ನು ಪರೀಕ್ಷೆಗೆ ಕೊಟ್ಟಿದ್ದೇವೆ, ಅದರಲ್ಲಿ ಯಂತ್ರದ ಕೈವಾಡದ ಗುರುತು ಸಿಕ್ಕಿದೆ ಎಂದರು. ಅವನಿಗೆ ಮೈ ಉರಿಯಿತು. ಕಳ್ಳನೇ ಪೊಲೀಸರಿಗೆ ದೂರು ಕೊಟ್ಟ ಹಾಗಾಯಿತು ಎಂದು ಬೀದಿಯಲ್ಲಿ ನಿಂತು ಕೂಗಾಡಿದ. ವಿಚಾರಣೆಗೆ ಕರೆ ಬಂದಾಗ, ಬರಲಿ, ನನ್ನ ಕೈಯಾರೆ ತೆಗೆದ ಫೋಟೋ, ಯಾರಪ್ಪನ ಭಯ ಎಂದ.

ವಿಚಾರಣೆಯ ಹಿಂದಿನ ದಿನ ಅಮ್ಮ ಒಂದು ಬೇಡಿಕೆ ಇಟ್ಟಳು. ಗೋಡೆಗೆ ಹಾಕಲು ಪುಟ್ಟಿಯ ಮುಖವಷ್ಟೇ ಬೇಕು, ಅದೇ ಕೊನೆಯ ಫೋಟೋದಿಂದ, ದೊಡ್ಡದಾಗಿ. ಅವನು ಮುಖವನ್ನು ಹಿಗ್ಗಿಸಿದ. ಮಸಿ ಹತ್ತಿದ ಕೆನ್ನೆ, ಸರಳಿನ ನೆರಳು, ಕಣ್ಣು. ಇನ್ನೂ ಹಿಗ್ಗಿಸಿದ. ಕಣ್ಣಿನ ಕಪ್ಪು ಗುಡ್ಡೆಯಲ್ಲಿ ಏನೋ ಬೆಳ್ಳಗೆ ಮಿನುಗುತ್ತಿತ್ತು. ಪರದೆಯ ಹತ್ತಿರ ಬಗ್ಗಿ ನೋಡಿದ. ಬಿಳಿ ಕೊಡೆ. ಎರಡೂ ಕಣ್ಣಿನಲ್ಲಿ ಒಂದೊಂದು ಪುಟ್ಟ ಬಿಳಿ ಕೊಡೆ.

ಆ ಓಣಿಯಲ್ಲಿ ಕೊಡೆ ಎಲ್ಲಿಂದ ಬರಬೇಕು? ಕೊಡೆ ಅವನ ಬೆನ್ನ ಹಿಂದೆ, ಬಟ್ಟೆ ಪರದೆಯ ಆಚೆ, ಇದೇ ಸ್ಟುಡಿಯೋದಲ್ಲಿ ನಿಂತಿತ್ತು. ಗುರುತಿನ ಚೀಟಿಯ ಫೋಟೋ ತೆಗೆದ ಬೆಳಗ್ಗೆ ಅವಳ ಎದುರಿಗಿದ್ದುದು ಅದೇ ಕೊಡೆ. ಸುಳ್ಳು ಕೇಳಿ ಅವಳು ಅರಳಿಸಿದ ಕಣ್ಣನ್ನು ಯಂತ್ರ ಕಿತ್ತು ತಂದು ಸತ್ತ ಮುಖಕ್ಕೆ ಅಂಟಿಸಿತ್ತು. ಗಿರಾಕಿಯ ಕಣ್ಣು ಮುಚ್ಚಿದೆ, ತೆರೆಸಬೇಕು. ಅದಕ್ಕೆ ಹೇಳಿಕೊಟ್ಟದ್ದು ಅಷ್ಟೇ, ಅದು ಮಾಡಿದ್ದೂ ಅಷ್ಟೇ. ಬೆಂಕಿಯೇನು, ಮದುವೆಯೇನು, ಅದಕ್ಕೆ ಎಲ್ಲ ಒಂದೇ.

ಮೊದಲು ಅವನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗಾದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಆಗಲೇ ಹೋಗಿಬಿಟ್ಟಿದ್ದಳು. ಮರುಗಳಿಗೆಯಲ್ಲೇ ಆ ಸಮಾಧಾನವೂ ಉಳಿಯಲಿಲ್ಲ. ಆ ಪ್ರೋಗ್ರಾಂ ಪೂರ್ತಿ ಮುಚ್ಚಿದ ಕಣ್ಣನ್ನಷ್ಟೇ ಅಲ್ಲ, ಅರೆಗಣ್ಣನ್ನೂ ಅರಳಿಸುತ್ತದೆ. ಎಲ್ಲರ ಕಣ್ಣನ್ನೂ ನಾವೇ ಮುಚ್ಚಿದ್ವಿ ಎಂದಿದ್ದ ನರ್ಸಿನ ಮಾತು ಈಗ ನೆನಪಾಯಿತು. ಅವಳು ಅರೆಗಣ್ಣಿನಲ್ಲಿ ನೋಡುತ್ತಿದ್ದಿರಬಹುದು. ಫ್ಲಾಶಿಗೆ ಎಂದಿನ ಹಾಗೆ ರೆಪ್ಪೆ ಬಡಿದಿರಬಹುದು. ಬದುಕಿದ್ದವರು ಮಾತ್ರ ರೆಪ್ಪೆ ಬಡಿಯುತ್ತಾರೆ. ಮೂಲ ಫೋಟೋ ಇದ್ದರೆ ತಿಳಿಯುತ್ತಿತ್ತು. ಕಾರ್ಡನ್ನು ಹುಡುಕಿ ತೆಗೆದ. ಕಂಪ್ಯೂಟರಿನ ಜೊತೆಗೆ ಕಾರ್ಡಿನಲ್ಲೂ ಅದು ಅಳಿಸಿಹೋಗಿತ್ತು. ಅಳಿಸಿದ್ದನ್ನು ಮರಳಿ ತೆಗೆಯುವ ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದ. ಆ ಕಾರ್ಡಿನಲ್ಲಿ ಆಮೇಲೆ ತೆಗೆದ ಫೋಟೋಗಳು ಹಳೆಯದರ ಮೇಲೆ ಕೂತುಬಿಟ್ಟಿವೆ ಎಂದು ಅವನು ತಲೆಯಾಡಿಸಿದ. ಆಮೇಲೆ ತೆಗೆದವು ಬೇರೆ ಯಾವುವೂ ಅಲ್ಲ. ಸತ್ತ ಹೆಂಗಸರ ಮನೆಯವರು ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ ಎಂದು ತಂದಿದ್ದ ಹಳೆಯ ಫೋಟೋಗಳ ನಕಲು.

ಅಮ್ಮನಿಗೆ ಪ್ರಿಂಟು ಕೊಟ್ಟ. ಕೊಡೆಯ ಮಾತು ಎತ್ತಲಿಲ್ಲ.

ವಿಚಾರಣೆ ನಡೆದದ್ದು ಸರ್ಕಾರಿ ಕಟ್ಟಡದ ಒಂದು ಹಾಲಿನಲ್ಲಿ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಅಧಿಕಾರಿ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಕಂಪನಿಯ ವಕೀಲ ಅವರಿಗಿಂತಲೂ ಮೆತ್ತಗೆ ಮಾತಾಡುವವನು. ಹಿಂದಿನ ಬೆಂಚಿನಲ್ಲಿ ಸತ್ತವರ ಮನೆಯವರು, ಅವರಿಂದ ಸ್ವಲ್ಪ ದೂರದಲ್ಲಿ ಒಬ್ಬಳೇ ಅಮ್ಮ. ಯಾರೂ ಅವಳ ಪಕ್ಕ ಕೂತಿರಲಿಲ್ಲ.

ವಕೀಲ ಮೊದಲು ವಿಡಿಯೋಗೂ ತಮಗೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡ. ಆಮೇಲೆ ಫೋಟೋವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದ. “ಇದು ನೀವು ತೆಗೆದದ್ದಾ?”

“ಹೌದು ಸಾರ್, ನಾನೇ ತೆಗೆದದ್ದು.”

“ತೆಗೆದಮೇಲೆ ಇದಕ್ಕೆ ಏನಾದ್ರೂ ಮಾಡಿದೀರಾ?”

ಇಲ್ಲ ಎಂದುಬಿಟ್ಟರೆ ಆಗುತ್ತಿತ್ತು. ಯಂತ್ರದ ಪರೀಕ್ಷೆಗೆ ಯಂತ್ರದ ಪರೀಕ್ಷೆ, ಮಾತಿಗೆ ಮಾತು, ಹೇಗೋ ಎಳೆದಾಡಬಹುದಿತ್ತು. ಆದರೆ ಅವನು ದಾರಿಯುದ್ದಕ್ಕೂ ಬೇರೆಯೇ ಲೆಕ್ಕ ಹಾಕಿಕೊಂಡು ಬಂದಿದ್ದ. ಸುಳ್ಳಾದದ್ದನ್ನು ತಾನೇ ಸುಳ್ಳು ಎಂದು ಒಪ್ಪಿಕೊಂಡರೆ ಉಳಿದ ನಿಜವನ್ನು ಜನ ನಂಬುತ್ತಾರೆ ಎಂಬ ಲೆಕ್ಕ. ಹಿಂದಿನ ಕಾಲದಲ್ಲಾದರೆ ಆ ಲೆಕ್ಕ ಸರಿಯಾಗುತ್ತಿತ್ತೋ ಏನೋ.

“ಕಣ್ಣು ಮಾತ್ರ ಯಂತ್ರದ್ದು ಸಾರ್,” ಎಂದ. “ನಮ್ಮ ಪ್ರೋಗ್ರಾಂ ತಾನಾಗಿ ಕಣ್ಣು ತೆರೆಸುತ್ತೆ. ನಾನು ಹೇಳಲಿಲ್ಲ, ಅದೇ ಮಾಡ್ತು. ಆ ಗುಡ್ಡೆಯೊಳಗೆ ನೋಡಿ, ನನ್ನ ಸ್ಟುಡಿಯೋ ಕೊಡೆ ಕಾಣ್ಸುತ್ತೆ. ಕಣ್ಣು ಸುಳ್ಳು. ಬೀಗ ಸುಳ್ಳಲ್ಲ. ಈ ಕೈಯಲ್ಲಿ ಹಿಡಿದು ಜಗ್ಗಿದೀನಿ,” ಎಂದು ಅಂಗೈ ಚಾಚಿದ. ಸುಟ್ಟ ಗಾಯ ಒಣಗಿ ಗುಲಾಬಿ ಬಣ್ಣದ ಚರ್ಮ ಬಂದಿತ್ತು.

ಹಾಲಿನಲ್ಲಿ ಗುಸುಗುಸು ಎದ್ದಿತು. ವಕೀಲನಿಗೆ ದನಿ ಏರಿಸುವ ಅಗತ್ಯವೂ ಬೀಳಲಿಲ್ಲ.

“ಅಂದ್ರೆ ಸತ್ತವರ ಕಣ್ಣನ್ನ ನಿಮ್ಮ ಯಂತ್ರ ತೆರೆಸಿದೆ. ನಿಮ್ಮನ್ನ ಕೇಳದೆ.”

“ಹೌದು ಸಾರ್.”

“ಕೇಳದೆ ಕಣ್ಣು ತೆರೆಸೋ ಯಂತ್ರ, ಕೇಳದೆ ಒಂದು ಬೀಗ ಹಾಕಿರೋಕಾಗಲ್ವಾ?”

ಅವನು ಬಾಯಿ ತೆರೆದ. ಆ ಪ್ರೋಗ್ರಾಂ ಬೆಳಕು, ಮುಖಗಳನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದ. ಮೂಲ ಫೋಟೋ ತೋರಿಸಿ ಎಂದರು. ಇಲ್ಲ ಎಂದ. ಯಾರು ಅಳಿಸಿದರು ಎಂದರು. ಅದೇ ಅಳಿಸಿತು ಎಂದ. ಹಾಗೆ ಅಳಿಸಲು ಹೇಳಿದವರು ಯಾರು ಎಂದರು. ಸತ್ತ ತಂಗಿಯ ತಲೆಗೆ ಇನ್ನೊಂದು ತಪ್ಪು ಕಟ್ಟಲು ಅವನಿಂದ ಆಗಲಿಲ್ಲ. “ನಾನೇ,” ಎಂದ.

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಹೇಳಲ್ಲಪ್ಪ. ಆದ್ರೆ ಒಂದು ಕಡೆ ಸುಳ್ಳಿರೋ ಫೋಟೋನ ಇನ್ನೊಂದು ಕಡೆ ನಿಜ ಅಂತ ತಗೊಳ್ಳೋಕೆ ನನ್ನಿಂದಾಗಲ್ಲ,” ಎಂದರು. ಗುಂಡಿ ಹಾಕುವ ಹೆಂಗಸು ಊರುಗೋಲಿನಲ್ಲಿ ಬಂದು ಬೀಗ ಇತ್ತು ಎಂದಳು. ನೀವು ಕಿಟಕಿಯಿಂದ ಹಾರಿದವರು, ಹಿಂದಿನ ಬಾಗಿಲನ್ನು ಆ ಹೊತ್ತಿನಲ್ಲಿ ನೋಡಿದ್ದಿರಾ ಎಂದು ವಕೀಲ ಕೇಳಿದ. ನೋಡಿರಲಿಲ್ಲ. ಅವಳನ್ನೂ ಕೂರಿಸಿದರು.

ವರದಿ ಬಂದಾಗ ಅದರಲ್ಲಿ ಹೀಗಿತ್ತು: ಬಾಗಿಲು ಮುಚ್ಚಿತ್ತೆಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ, ಸಾಲಿನ ಮೇಲ್ವಿಚಾರಕಿಯ ವಿವೇಚನೆಯ ಕೊರತೆಯಿಂದ ಸಾವು ಹೆಚ್ಚಿತು. ಕಾರ್ಖಾನೆ ಮತ್ತೆ ಶುರುವಾಯಿತು. ಹಿಂದಿನ ಬಾಗಿಲಿಗೆ ಹೊಸ ಬಣ್ಣ ಹೊಡೆದರು. ಅದಕ್ಕೆ ಬೀಗ ಇದೆಯೋ ಇಲ್ಲವೋ ನೋಡಲು ಓಣಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಸ್ಟುಡಿಯೋಗೆ ಗಿರಾಕಿಗಳು ಕಡಿಮೆಯಾದರು. ಫೋಟೋದಲ್ಲಿ ಸುಳ್ಳು ಬೆರೆಸಿದವನು ಎಂದು ಜನ ಮುಖ ತಿರುಗಿಸಿದರು. ಅದೇ ಜನ ಪಕ್ಕದ ಬೀದಿಯ ಸ್ಟುಡಿಯೋಗೆ ಹೋಗಿ ಅದೇ ಯಂತ್ರದಲ್ಲಿ ಮೂಗು ನೆಟ್ಟಗೆ ಮಾಡಿಸಿಕೊಂಡರು. ಇದಕ್ಕೆ ಏನೆನ್ನುವುದು.

ಅಮ್ಮ ಮಾತು ಬಿಟ್ಟಿದ್ದಳು. ವಿಚಾರಣೆಯ ದಿನ ಹಾಲಿನಿಂದ ಹೊರಗೆ ಬರುವಾಗ ಅವಳು ಹೇಳಿದ್ದು ಒಂದೇ ಮಾತು: “ಹಾಗಾದ್ರೆ ನಿನ್ನನ್ನ ನೋಡಲಿಲ್ವಾ ಅವಳು?” ಅವನು, “ಗೊತ್ತಿಲ್ಲಮ್ಮ,” ಎಂದಿದ್ದ. ಗೋಡೆಯ ಫೋಟೋವನ್ನು ಅವಳು ಅದೇ ಸಂಜೆ ಇಳಿಸಿ ಮಂಚದ ಕೆಳಗೆ ಮಗುಚಿ ಇಟ್ಟಿದ್ದಳು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಅವನು ಗಾಜಿನ ಮೇಜು ಒರೆಸುತ್ತಿದ್ದಾಗ, ಅಮ್ಮ ಮಂಡಿ ಹಿಡಿದುಕೊಂಡು ಒಳಗಿನಿಂದ ಬಂದಳು. ಕೈಯಲ್ಲಿ ಆ ಫೋಟೋ. ಮೇಜಿನ ಮೇಲೆ ಇಟ್ಟಳು.

“ಇದು ಅವಳ ಆ ದಿನದ ಕಣ್ಣಲ್ಲ.”

“ಅಲ್ಲಮ್ಮ.”

“ಮುಚ್ಚಿಬಿಡು ಹಾಗಾದ್ರೆ. ಎಷ್ಟು ದಿನ ಅಂತ ಹೀಗೆ ಬಿಟ್ಟುಕೊಂಡೇ ಇರ್ತಾಳೆ. ಹೋದೋರ ಕಣ್ಣು ಮುಚ್ಚೋದು ಮನೆಯೋರ ಕೆಲಸ.”

ಅವನು ಕಂಪ್ಯೂಟರಿನ ಮುಂದೆ ಕೂತ. ಪ್ರೋಗ್ರಾಮಿನಲ್ಲಿ ನಗು ಹೆಚ್ಚಿಸಲು ಗುಂಡಿ ಇತ್ತು, ಬೆಳ್ಳಗೆ ಮಾಡಲು ಇತ್ತು, ಬೊಕ್ಕತಲೆಗೆ ಕೂದಲು ಬೆಳೆಸಲು ಇತ್ತು. ಕಣ್ಣು ಮುಚ್ಚಲು ಇರಲಿಲ್ಲ. ಯಾವ ಗಿರಾಕಿಯೂ ಅದನ್ನು ಕೇಳಿರಲಿಲ್ಲ. ಅವನು ಕಂಪ್ಯೂಟರ್ ಆರಿಸಿದ. ಕಪಾಟಿನ ಮೇಲಿನ ತಗಡಿನ ಡಬ್ಬ ಇಳಿಸಿ, ಧೂಳು ಒರೆಸಿ, ಅಪ್ಪನ ಕೂದಲೆಳೆ ಕುಂಚ ತೆಗೆದ. ಕಂದು ಬಣ್ಣದ ಬಿಲ್ಲೆ ಒಣಗಿ ಬಿರಿದಿತ್ತು, ನೀರು ಹಾಕಿ ನೆನೆಸಿದ. ಭೂತಗನ್ನಡಿ ಇಟ್ಟು ಬಗ್ಗಿದ. ಕನ್ನಡಿಯ ಕೆಳಗೆ ಪುಟ್ಟಿಯ ಕಣ್ಣು ತಟ್ಟೆಯಷ್ಟು ಅಗಲವಾಗಿ, ಬಿಳಿ ಕೊಡೆ ಹಿಡಿದುಕೊಂಡು ಅವನನ್ನು ನೋಡಿತು. ಅಪ್ಪ ಜೀವಮಾನವೆಲ್ಲ ಆ ಕುಂಚದಿಂದ ಕಣ್ಣು ತೆರೆಸಿದ್ದ. ಮುಚ್ಚುವುದು ಹೇಗೆಂದು ಮಗನಿಗೆ ಹೇಳಿಕೊಟ್ಟಿರಲಿಲ್ಲ.

ಕುಂಚ ಕಾಗದಕ್ಕೆ ತಾಗುವ ಮೊದಲೇ ಅವನ ಕೈ ನಡುಗತೊಡಗಿತು. ಸುಟ್ಟ ಅಂಗೈಗೆ ಹಿಡಿತ ಇರಲಿಲ್ಲ. ಅಳು ಬಂತು, ಅದನ್ನು ತಡೆಯಲೂ ಹೋಗಲಿಲ್ಲ. ಅಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮೇಜಿಗೆ ಒತ್ತಿದಳು.

“ಅಲ್ಲಾಡಬೇಡ,” ಎಂದಳು.

ಅವನು ಮೊದಲು ಎಡಗಣ್ಣಿನ ಕೊಡೆಯ ಮೇಲೆ ಬಣ್ಣ ಎಳೆದ, ಆಮೇಲೆ ಬಲಗಣ್ಣಿನದರ ಮೇಲೆ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಬರೆದ. ಮುಗಿದಮೇಲೆ ಅಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಇದು ನಮ್ಮ ಪುಟ್ಟಿ ಎಂದಳು.